ಛಿದ್ರಮನಸ್ಕತೆ: ಔಷಧವೂ ಹುಸಿಮದ್ದೂ

ವೈದ್ಯಗ್ರಂಥಗಳು ಸ್ಕಿಜೋಫ್ರೀನಿಯವೆಂದೂ, ಕನ್ನಡದಲ್ಲಿ ಬರೆಯುವ ಮನೋವೈದ್ಯರು ಛಿದ್ರಮನಸ್ಕತೆ ಅಥವಾ ಇಚ್ಚಿತ್ತವಿಕಲತೆಯೆಂದೂ, ಊರ ಜನ ‘ತಲೆ ಕೆಟ್ಟಿದೆ’ ಇಲ್ಲವೆ ‘ಗಾಳಿ ಸೋಕಿದೆ’ ಎಂದೂ ಹೇಳುವ ವ್ಯಾಧಿಯು ಚಿತ್ತವಿಕಾರಗಳಲ್ಲೆಲ್ಲ ಅತ್ಯಂತ ಗಹನವಾದುದು. ಇಲ್ಲದ ದನಿಗಳು ಕಿವಿಗೆ ಬೀಳುವುದು, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆಂಬ ಅಲುಗಿಸಲಾಗದ ಮಿಥ್ಯಾಭಾವನೆ ನೆಲಸುವುದು, ಆಡುವ ಮಾತಿನ ಎಳೆ ನಡುವೆಯೇ ಕಡಿದುಹೋಗುವುದು, ಬರಬರುತ್ತ ಸ್ನಾನ, ಊಟ, ದುಡಿಮೆ, ನಂಟರಿಷ್ಟರ ಸಹವಾಸ ಇವೆಲ್ಲವುಗಳಲ್ಲಿಯೂ ಆಸಕ್ತಿ ಬತ್ತಿಹೋಗುವುದು, ಇವು ಅದರ ಮುಖ್ಯ ಲಕ್ಷಣಗಳು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗನ್ ಬ್ಲಾಯ್ಲರ್ 1908ರಲ್ಲಿ ಈ ವ್ಯಾಧಿಗೆ ಈಗಿನ ಹೆಸರನ್ನಿತ್ತನು. ಛಿದ್ರವಾಗುವುದು ಆಲೋಚನೆ, ಭಾವ, ಕ್ರಿಯೆಗಳ ಪರಸ್ಪರ ಹೊಂದಿಕೆಯೆಂಬುದೇ ಅವನ ಅಭಿಪ್ರಾಯವಾಗಿತ್ತಲ್ಲದೆ, ಚಲನಚಿತ್ರಗಳು ತೋರಿಸುವಂತೆ ಒಬ್ಬನೇ ಮನುಷ್ಯನೊಳಗೆ ಇಬ್ಬರು ವಾಸಿಸುವರೆಂಬುದಲ್ಲ. ಲಕ್ಷಣಗಳು ಹೊಸದಾಗಿ ತಲೆದೋರಿ ಅಥವಾ ಮರುಕಳಿಸಿ ತೀವ್ರವಾಗಿರುವ ಘಟ್ಟಕ್ಕೆ ಉಲ್ಬಣಾವಸ್ಥೆಯೆಂದು ಹೆಸರು. ಆ ಘಟ್ಟದಲ್ಲಿ ಕೊಡುವ ಔಷಧದಿಂದ ರೋಗಿ ಗುಣಮುಖನಾದರೆ, ಆ ಗುಣದಲ್ಲಿ ಔಷಧದ ಪಾಲೆಷ್ಟು, ಕಾಲದ ಪಾಲೆಷ್ಟು, ನಂಬಿಕೆ ಮತ್ತು ಆರೈಕೆಯ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಲು ಕಳೆದ ಎಪ್ಪತ್ತು ವರ್ಷಗಳಿಂದ ನಡೆದಿರುವ ಪ್ರಯತ್ನವೇ ಈ ಲೇಖನದ ವಸ್ತು.

ಉಲ್ಬಣಾವಸ್ಥೆಯೆಂದರೇನೆಂಬುದನ್ನು ಲಕ್ಷಣಗಳ ಪಟ್ಟಿ ತಿಳಿಸಲಾರದು. ಕಲ್ಪನೆಯಲ್ಲಿಯಾದರೂ ಒಂದು ಮನೆಯನ್ನು ಹೊಕ್ಕು ನೋಡಬೇಕು. ದೊಡ್ಡಬಳ್ಳಾಪುರದ ಓಣಿಯೊಂದರಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ವಿದ್ಯುತ್ ಮಗ್ಗಗಳ ಸದ್ದು ನಿಲ್ಲದ ಮನೆಯಲ್ಲಿ, ಇಪ್ಪತ್ತೆರಡರ ತರುಣನೊಬ್ಬನು ಲಾಳಿ ಅತ್ತಿಂದಿತ್ತ ಬಡಿಯುವ ಲಯದಲ್ಲಿ ತನ್ನ ಹೆಸರನ್ನೇ ಕೇಳತೊಡಗುತ್ತಾನೆ. ಮೊದಲು ಹೆಸರು ಮಾತ್ರ, ಆಮೇಲೆ ಬೈಗುಳ, ಆಮೇಲೆ ಆಜ್ಞೆ. ಅವನು ಮಗ್ಗ ನಿಲ್ಲಿಸುತ್ತಾನೆ, ದನಿ ನಿಲ್ಲುವುದಿಲ್ಲ. ಪಕ್ಕದ ಮನೆಯವರು ಗೋಡೆಯಲ್ಲಿ ಯಂತ್ರವನ್ನಿರಿಸಿ ತನ್ನ ಯೋಚನೆಗಳನ್ನು ಕದಿಯುತ್ತಿದ್ದಾರೆಂದು ರಾತ್ರಿಯೆಲ್ಲ ಗೋಡೆ ಕೆರೆಯುತ್ತಾನೆ; ತಾಯಿ ತಟ್ಟೆಗೆ ಹಾಕಿದ ಮುದ್ದೆಯನ್ನು ವಿಷವೆಂದು ನೂಕುತ್ತಾನೆ. ‘ಯಾರೋ ಏನೋ ಮಾಡ್ಸವ್ರೆ ಕಣಕ್ಕ, ನನ್ ಮಗ ಹಿಂಗಿರ್ಲಿಲ್ಲ’ ಎಂದು ಆ ತಾಯಿ ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಯ ಮುಂದೆ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾಳೆ. ತಾಯತ ಕಟ್ಟಿಸಿದ್ದಾಗಿದೆ, ನಾಗದೋಷವಿರಬಹುದೆಂದು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬಂದದ್ದಾಗಿದೆ, ಇನ್ನು ಉಳಿದದ್ದು ಬೆಂಗಳೂರಿನ ಬಸ್ಸು. ಇಂಥ ಮನೆ ದೇವನಹಳ್ಳಿಯಲ್ಲಿಯೂ ಉಂಟು, ಹೊಸಕೋಟೆಯಲ್ಲಿಯೂ ಉಂಟು, ನೆಲಮಂಗಲದಲ್ಲಿಯೂ ಉಂಟು. ಈ ವ್ಯಾಧಿಗೆ ಊರು, ಜಾತಿ, ಸ್ಥಿತಿವಂತಿಕೆಗಳ ಭೇದವಿಲ್ಲ.

ಈ ತರುಣನು ಒಂದು ತಿಂಗಳ ಬಳಿಕ ಶಾಂತನಾದನೆನ್ನೋಣ. ಯಾವುದರಿಂದ? ಇಲ್ಲಿಯೇ ತೊಡಕಿರುವುದು. ಛಿದ್ರಮನಸ್ಕತೆಯು ಉಬ್ಬರವಿಳಿತಗಳಿಂದ ಕೂಡಿದ ವ್ಯಾಧಿ. ಯಾವ ಚಿಕಿತ್ಸೆಯನ್ನೂ ಕೊಡದಿದ್ದರೂ ಕೆಲವರಲ್ಲಿ ಕೆಲವು ಕಾಲ ಅದು ತಾನಾಗಿ ತಗ್ಗುವುದುಂಟು. ಮನೆಯವರು ರೋಗಿಯನ್ನು ಚಿಕಿತ್ಸೆಗೆ ಕರೆದೊಯ್ಯುವುದು ಸಾಮಾನ್ಯವಾಗಿ ಕಾಯಿಲೆ ತುತ್ತತುದಿಗೆ ಏರಿದಾಗಲೇ ಆದಕಾರಣ, ಅಲ್ಲಿಂದ ಮುಂದೆ ಅದು ಇಳಿಯುವುದೇ ಹೆಚ್ಚು ಸಂಭವ. ಆ ಹೊತ್ತಿಗೆ ಕೈಯಲ್ಲಿ ಯಾವುದಿತ್ತೋ, ಮಾತ್ರೆಯೋ ಮಂತ್ರವೋ, ಕೀರ್ತಿಯೆಲ್ಲ ಅದಕ್ಕೇ ಸಲ್ಲುತ್ತದೆ. ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ನಮ್ಮ ಗಾದೆ ನಗೆಗಾಗಿ ಹುಟ್ಟಿದ್ದಾದರೂ, ಅದರ ಬೆನ್ನಿಗಿರುವ ನಂಬಿಕೆಯಿಂದ ಎಷ್ಟು ಹೆಣ್ಣುಮಕ್ಕಳ ಬಾಳು ಹಾಳಾಗಿದೆಯೆಂಬುದನ್ನು ನೆನೆದರೆ ನಗೆ ಉಳಿಯುವುದಿಲ್ಲ. ಮದುವೆಯ ಸಮಯದಲ್ಲಿ ತಾನಾಗಿ ಕಾಯಿಲೆ ಇಳಿದವನೊಬ್ಬನು ಆ ನಂಬಿಕೆಗೆ ಸಾಕ್ಷಿಯಾಗಿ ಉಳಿಯುತ್ತಾನೆ. ಇಳಿಯದ ಹತ್ತು ಮಂದಿಯನ್ನು ಊರು ಮರೆಯುತ್ತದೆ.

ಪೂಜೆ, ಹರಕೆ, ದೇವಸ್ಥಾನವಾಸಗಳಿಂದ ಏನೂ ಆಗುವುದಿಲ್ಲವೆಂದು ತಳ್ಳಿಹಾಕುವುದೂ ಸರಿಯಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸಿನ ಪ್ರಾಧ್ಯಾಪಕರಾಗಿದ್ದ ಆರ್. ರಘುರಾಮ್ ಮತ್ತು ಅವರ ಸಹೋದ್ಯೋಗಿಗಳು ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯದಲ್ಲಿ ತಂಗಿದ್ದ 31 ಮಂದಿ ಮಾನಸಿಕ ಅಸ್ವಸ್ಥರನ್ನು ಪರೀಕ್ಷಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿ ಈ ದೃಷ್ಟಿಯಿಂದ ಮನನೀಯವಾದುದು. ಅಲ್ಲಿ ಮಾತ್ರೆಯಿರಲಿಲ್ಲ, ವಿಶೇಷವಾದ ಮಂತ್ರೋಚ್ಚಾಟನೆಯೂ ಇರಲಿಲ್ಲ. ದೇವಾಲಯದ ದೈನಂದಿನ ಕೆಲಸ, ನಿಯತವಾದ ದಿನಚರಿ, ಜೊತೆಗಿದ್ದು ನೋಡಿಕೊಳ್ಳುವ ಮನೆಯವರು, ಹೀಯಾಳಿಸದ ಪರಿಸರ ಇಷ್ಟೇ. ಆದರೂ ಅವರ ಲಕ್ಷಣಗಳ ಅಂಕ ಕೆಲವು ವಾರಗಳಲ್ಲಿ ಸುಮಾರು ಶೇ. 20ರಷ್ಟು ಇಳಿದಿತ್ತು. ಈ ಶೇ. 20 ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದು ಮತ್ತೆ ಬರಲಿದೆ. ಆ ವರದಿಯಲ್ಲಿ ಇಲ್ಲದಿದ್ದುದು ಒಂದೇ: ಅದೇ ಬಗೆಯ ಇನ್ನೊಂದು ಗುಂಪು, ದೇವಾಲಯಕ್ಕೆ ಹೋಗದೆ ಅಷ್ಟೇ ಕಾಲ ಬೇರೆಲ್ಲಿಯೋ ಇದ್ದ ಗುಂಪು. ಹೋಲಿಸಲು ಇನ್ನೊಂದು ತಟ್ಟೆಯಿಲ್ಲದ ತಕ್ಕಡಿ ಭಾರವನ್ನು ತೋರಿಸಲಾರದು.

ಆ ಇನ್ನೊಂದು ತಟ್ಟೆಯೇ ಹುಸಿಮದ್ದು, ವೈದ್ಯರ ಮಾತಿನಲ್ಲಿ ಪ್ಲಸೀಬೊ. ನಿಜವಾದ ಮಾತ್ರೆಯಂತೆಯೇ ಕಾಣುವ, ಅದೇ ಗಾತ್ರ, ಅದೇ ಬಣ್ಣದ, ಆದರೆ ಒಳಗೆ ಔಷಧದ್ರವ್ಯವಿಲ್ಲದ ಮಾತ್ರೆ. ರೋಗಿಗಳನ್ನು ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಔಷಧವನ್ನೂ ಇನ್ನೊಂದಕ್ಕೆ ಹುಸಿಮದ್ದನ್ನೂ ಕೊಟ್ಟು, ಯಾರಿಗೆ ಯಾವುದು ಹೋಯಿತೆಂಬುದು ಕೊಡುವವನಿಗೂ ಕುಡಿಯುವವನಿಗೂ ಅಂಕ ಹಾಕುವವನಿಗೂ ತಿಳಿಯದಂತೆ ಮುಚ್ಚಿಟ್ಟರೆ, ಕಾಲ, ನಂಬಿಕೆ, ಆರೈಕೆಗಳ ಫಲ ಎರಡು ಪಾಲಿಗೂ ಸಮನಾಗಿ ಸಿಗುತ್ತದೆ. ಕೊನೆಯಲ್ಲಿ ಉಳಿಯುವ ವ್ಯತ್ಯಾಸ ಔಷಧದ್ದೇ ಆಗಿರಬೇಕು. ಉಪಾಯ ಸರಳ. ಆದರೆ ಅದು ಮನೋವೈದ್ಯಕ್ಕೆ ಬಂದುದು ತೀರ ತಡವಾಗಿ, ಬರುವ ಮುನ್ನ ನಡೆದುಹೋದ ಸಂಗತಿಗಳು ಬೆಂಗಳೂರಿನ ಚರಿತ್ರೆಯಲ್ಲಿಯೂ ದಾಖಲಾಗಿವೆ.

ಹತ್ತೊಂಬತ್ತನೆಯ ಶತಮಾನದ ನಡುವೆ ಬೆಂಗಳೂರಿನಲ್ಲಿ ಸ್ಥಾಪಿತವಾದ ಹುಚ್ಚರ ಆಸ್ಪತ್ರೆಗೆ ಮೈಸೂರು ಸರ್ಕಾರವು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಮರ್ಯಾದೆಯ ಹೆಸರನ್ನು ಕೊಟ್ಟಿತು. ಅದರ ಮುಖ್ಯಸ್ಥರಾಗಿ ಬಂದ ಡಾ. ಎಂ. ವಿ. ಗೋವಿಂದಸ್ವಾಮಿಯವರು ಮನಶ್ಶಾಸ್ತ್ರ, ತತ್ತ್ವಶಾಸ್ತ್ರ, ವೈದ್ಯ ಈ ಮೂರರಲ್ಲಿಯೂ ಆಳವಾದ ಪರಿಶ್ರಮವಿದ್ದ ಅಸಾಧಾರಣ ವ್ಯಕ್ತಿ. ಅವರ ಕಾಲದಲ್ಲಿ ಜಗತ್ತಿನೆಲ್ಲೆಡೆ ಪ್ರಚಲಿತವಾಗಿದ್ದ ಚಿಕಿತ್ಸೆಗಳೆಂದರೆ ಕಾರ್ಡಿಯಜಾಲ್ ಚುಚ್ಚಿ ಸೆಳವು ಬರಿಸುವುದು, ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ವಿದ್ಯುತ್ಕಂಪನ, ಮತ್ತು ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆ. ಭಾರತೀಯ ರೋಗಿಗಳಲ್ಲಿ ಈ ಶಸ್ತ್ರಕ್ರಿಯೆಯ ಪರಿಣಾಮವನ್ನು ಕುರಿತು ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯ ಬಿ. ಎನ್. ಬಾಲಕೃಷ್ಣರಾಯರೂ ಬರೆದ ಲೇಖನ 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಕಾಲಕ್ಕೆ ಅದು ಕ್ರೌರ್ಯವಾಗಿರಲಿಲ್ಲ, ನಿರುಪಾಯದ ಸಾಹಸವಾಗಿತ್ತು; ಬೇರೆ ದಾರಿಯಿಲ್ಲದವರು ಇದ್ದ ದಾರಿಯನ್ನೇ ಹಿಡಿದರು.

ಈ ಚಿಕಿತ್ಸೆಗಳಲ್ಲಿ ಇನ್ಸುಲಿನ್ ಮೂರ್ಛೆಯ ಕಥೆ ನಮ್ಮ ವಿಷಯಕ್ಕೆ ಅತ್ಯಂತ ಪ್ರಸ್ತುತ. ಅದಕ್ಕಾಗಿ ಪ್ರತ್ಯೇಕ ವಾರ್ಡು, ಆಯ್ದ ರೋಗಿಗಳು, ಹಗಲಿರುಳು ಹಾಸಿಗೆಯ ಪಕ್ಕದಲ್ಲಿಯೇ ನಿಲ್ಲುವ ದಾದಿಯರು, ಎಚ್ಚರವಾದೊಡನೆ ಸಕ್ಕರೆಯ ಪಾನಕ, ವಾರಗಟ್ಟಲೆ ಉಪಚಾರ ಇವೆಲ್ಲ ಬೇಕಾಗಿದ್ದವು. ಫಲವೂ ಚೆನ್ನಾಗಿಯೇ ಕಾಣುತ್ತಿತ್ತು, ಎರಡು ದಶಕಗಳ ಕಾಲ ಅದನ್ನು ಸಂಶಯಿಸಿದವರು ವಿರಳ. 1957ರಲ್ಲಿ ಆಕ್ನರ್, ಹ್ಯಾರಿಸ್, ಓಲ್ಡಮ್ ಎಂಬ ಮೂವರು ಇಂಗ್ಲಿಷ್ ವೈದ್ಯರು ಒಂದು ಗುಂಪಿಗೆ ಇನ್ಸುಲಿನ್ನನ್ನೂ ಇನ್ನೊಂದಕ್ಕೆ ನಿದ್ರೆ ತರುವ ಬಾರ್ಬಿಟ್ಯುರೇಟನ್ನೂ ಕೊಟ್ಟು, ಮಿಕ್ಕ ಆರೈಕೆಯೆಲ್ಲವನ್ನೂ ಸಮನಾಗಿ ನಡೆಸಿ ನೋಡಿದರು. ಫಲದಲ್ಲಿ ಭೇದವೇ ಇರಲಿಲ್ಲ. ಗುಣಮಾಡಿದ್ದು ಇನ್ಸುಲಿನ್ನಲ್ಲ, ಅದರ ಸುತ್ತ ನೆರೆದಿದ್ದ ಮಾನುಷ ಆಸ್ಥೆ. ಮೂರ್ಛೆಯ ಗಂಡಾಂತರಕ್ಕೆ ಎಷ್ಟೋ ಮಂದಿಯನ್ನು ಒಡ್ಡಿದ ಮೇಲೆ ತಿಳಿದ ಈ ಸತ್ಯ ಇಪ್ಪತ್ತು ವರ್ಷ ಮೊದಲೇ ತಿಳಿದಿದ್ದರೆ ಎಂದು ಯಾರಿಗಾದರೂ ಅನಿಸದೆ ಇರದು.

ಇತ್ತ ಔಷಧದ ಕಡೆಯಿಂದ ಮೊದಲ ಹೆಜ್ಜೆ ಬಂದುದು ನಮ್ಮ ನಾಡಿನ ಗಿಡದಿಂದ. ಆಯುರ್ವೇದ ವೈದ್ಯರೂ ನಾಟಿ ವೈದ್ಯರೂ ತಲೆಮಾರುಗಳಿಂದ ಹುಚ್ಚಿಗೆ ಬಳಸುತ್ತಿದ್ದ ಸರ್ಪಗಂಧದ ಬೇರನ್ನು ಕುರಿತು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಕಲ್ಕತ್ತೆಯಿಂದ 1931ರಲ್ಲಿ ಬರೆದರು; 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಜ್ಞರು ಆ ಬೇರಿನಿಂದ ರಿಸರ್ಪೀನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಆದರೆ ರಿಸರ್ಪೀನಿನಿಂದ ರಕ್ತದೊತ್ತಡ ಕುಸಿಯುತ್ತಿತ್ತು, ಮನಸ್ಸು ಮಂಕಾಗುವುದೆಂಬ ಭಯವೂ ಹಬ್ಬಿತು; ಅಷ್ಟರಲ್ಲಿ ಅದಕ್ಕೊಂದು ಬಲಿಷ್ಠವಾದ ಪ್ರತಿಸ್ಪರ್ಧಿ ಹುಟ್ಟಿಕೊಂಡಿತ್ತು. 1950ರ ಡಿಸೆಂಬರಿನಲ್ಲಿ ಫ್ರಾನ್ಸಿನ ರೋನ್-ಪುಲಾಂಕ್ ಕಂಪನಿಯಲ್ಲಿ ಪಾಲ್ ಶಾರ್ಪಾಂತ್ಯೆ ತಯಾರಿಸಿದ ಕ್ಲೋರ್‌ಪ್ರೊಮಜೀನನ್ನು ಶಸ್ತ್ರವೈದ್ಯ ಆಂರಿ ಲಾಬೊರಿ ಅರಿವಳಿಕೆಗೆ ಸಹಾಯಕವಾಗಿ ಬಳಸಿ, ರೋಗಿಗಳು ನಿದ್ರಿಸದೆಯೇ ನಿರುದ್ವಿಗ್ನರಾಗುವುದನ್ನು ಕಂಡನು. 1952ರಲ್ಲಿ ಪ್ಯಾರಿಸಿನ ಸೇಂತ್ ಆನ್ ಆಸ್ಪತ್ರೆಯ ಜಾನ್ ದಲೇ ಮತ್ತು ಪಿಯೇರ್ ದನಿಕೇರ್ ಅದನ್ನು ಚಿತ್ತವಿಕಲರಿಗೆ ಕೊಟ್ಟು ಜಗತ್ತಿನ ಮನೋವೈದ್ಯದ ದಿಕ್ಕನ್ನೇ ಬದಲಿಸಿದರು. ಈ ಬಗೆಯ ಔಷಧಗಳು ಮಿದುಳಿನ ಡೋಪಮಿನ್ ಎಂಬ ವಾಹಕದ್ರವ್ಯದ ಗ್ರಾಹಕಗಳನ್ನು ತಡೆಯುತ್ತವೆಂಬುದಕ್ಕೆ ಮೊದಲ ಸುಳಿವನ್ನು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1963ರಲ್ಲಿ ಕೊಟ್ಟನು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ 1954ರಲ್ಲಿ ಆರಂಭವಾದದ್ದು ಈ ಔಷಧಯುಗದ ಹೊಸ್ತಿಲಿನಲ್ಲಿಯೇ. ಆಸ್ಪತ್ರೆಯೂ ಸಂಸ್ಥೆಯೂ 1974ರ ಡಿಸೆಂಬರ್ 27ರಂದು ಒಂದಾಗಿ ನಿಮ್ಹಾನ್ಸ್ ಎನಿಸಿದವು.

ಇನ್ಸುಲಿನ್ನಿಗೆ ಆದ ಗತಿ ಕ್ಲೋರ್‌ಪ್ರೊಮಜೀನಿಗೂ ಆಗಬಹುದಾಗಿತ್ತು. ಬರ್ಮಿಂಗ್‌ಹ್ಯಾಮಿನ ಜೋಯಲ್ ಎಲ್ಕಿಸ್ ಮತ್ತು ಶಾರ್ಮಿಯನ್ ಎಲ್ಕಿಸ್ ದಂಪತಿಗಳು 1954ರಲ್ಲಿ ದೀರ್ಘಕಾಲದ 27 ರೋಗಿಗಳಿಗೆ ಔಷಧವನ್ನೂ ಹುಸಿಮದ್ದನ್ನೂ ಸರದಿಯ ಮೇಲೆ ಗುಟ್ಟಾಗಿ ಕೊಟ್ಟು ನೋಡಿದ್ದು ಮೊದಲ ಪರೀಕ್ಷೆಗಳಲ್ಲೊಂದು: ಏಳು ಮಂದಿಗೆ ಸ್ಪಷ್ಟವಾದ ಗುಣ, ಹನ್ನೊಂದು ಮಂದಿಗೆ ಅಲ್ಪಸ್ವಲ್ಪ, ಒಂಬತ್ತು ಮಂದಿಗೆ ಏನೂ ಇಲ್ಲ. ಇಷ್ಟು ಪ್ರಾಮಾಣಿಕವಾದ ಲೆಕ್ಕ ಆ ಕಾಲದ ಉತ್ಸಾಹದ ನಡುವೆ ಅಪರೂಪ. ಆದರೆ ಉಲ್ಬಣಾವಸ್ಥೆಯ ರೋಗಿಗಳ ಮೇಲೆ ನಡೆದ ನಿರ್ಣಾಯಕ ಪರೀಕ್ಷೆಯೆಂದರೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯು ಒಂಬತ್ತು ಆಸ್ಪತ್ರೆಗಳಲ್ಲಿ ನಡೆಸಿ 1964ರಲ್ಲಿ ಪ್ರಕಟಿಸಿದ್ದು. ಕ್ಲೋರ್‌ಪ್ರೊಮಜೀನ್, ಥಯೊರಿಡಜೀನ್, ಫ್ಲುಫೆನಜೀನ್ ಎಂಬ ಮೂರು ಔಷಧಗಳೂ ಒಂದು ಹುಸಿಮದ್ದೂ ಆರು ವಾರಗಳ ಕಾಲ ಸ್ಪರ್ಧಿಸಿದವು. ಔಷಧ ಪಡೆದವರಲ್ಲಿ ಸುಮಾರು ಮುಕ್ಕಾಲು ಪಾಲು, ಹುಸಿಮದ್ದು ಪಡೆದವರಲ್ಲಿ ಸುಮಾರು ಕಾಲು ಪಾಲು ಮಂದಿ ಗಣನೀಯವಾಗಿ ಸುಧಾರಿಸಿದರು. ಮೂರು ಔಷಧಗಳ ನಡುವೆ ಹೇಳಿಕೊಳ್ಳುವ ಭೇದ ಕಾಣಲಿಲ್ಲ. ಕೇವಲ ಮಂಪರು ಬರಿಸಿ ರೋಗಿಯನ್ನು ಸುಮ್ಮನಾಗಿಸುವುದಷ್ಟೇ ಔಷಧದ ಕೆಲಸವೆಂಬ ಆಕ್ಷೇಪಕ್ಕೂ ಅಲ್ಲಿ ಉತ್ತರ ಸಿಕ್ಕಿತು: ಮೌನವಾಗಿ ಮೂಲೆ ಸೇರಿದ್ದವರು ಕೂಡ ಎದ್ದು ಮಾತನಾಡತೊಡಗಿದ್ದರು.

‘ಗುಣ’ವನ್ನು ಅಳೆಯುವ ಬಗೆಯನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಪತ್ರಿಕೆಗಳಲ್ಲಿ ಬರುವ ಶೇಕಡಾವಾರುಗಳೆಲ್ಲ ಇದರ ಮೇಲೆಯೇ ನಿಂತಿವೆ. ಜ್ವರಕ್ಕೆ ಥರ್ಮಾಮೀಟರಿರುವಂತೆ ಮಿಥ್ಯಾಭಾವನೆಗೆ ಯಾವ ಮಾಪಕವೂ ಇಲ್ಲ. ಪರೀಕ್ಷಕನು ರೋಗಿಯೊಡನೆ ಮುಕ್ಕಾಲು ಗಂಟೆ ಮಾತನಾಡಿ, ಒಂದೊಂದು ಲಕ್ಷಣಕ್ಕೂ ಅಂಕ ಹಾಕುತ್ತಾನೆ. 1962ರಲ್ಲಿ ಓವರಾಲ್ ಮತ್ತು ಗೋರಮ್ ರಚಿಸಿದ ಬಿಪಿಆರ್‌ಎಸ್, 1987ರಲ್ಲಿ ಸ್ಟ್ಯಾನ್ಲಿ ಕೇ ಮತ್ತು ಸಹೋದ್ಯೋಗಿಗಳು ರಚಿಸಿದ ಪ್ಯಾನ್ಸ್, ಇವು ಪ್ರಸಿದ್ಧ ಅಂಕಪಟ್ಟಿಗಳು. ಪ್ಯಾನ್ಸ್ ಪಟ್ಟಿಯಲ್ಲಿ 30 ಲಕ್ಷಣಗಳುಂಟು, ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಲಕ್ಷಣವೇ ಇಲ್ಲದವನಿಗೂ 1 ಸಿಗುವುದರಿಂದ, ಪೂರ್ಣ ಆರೋಗ್ಯವಂತನ ಮೊತ್ತ ಸೊನ್ನೆಯಲ್ಲ, 30. ಮೊದಲ ದಿನ 95 ಇದ್ದ ರೋಗಿಯ ಅಂಕ ಆರನೆಯ ವಾರ 75ಕ್ಕೆ ಇಳಿಯಿತೆನ್ನಿ. ಇಪ್ಪತ್ತನ್ನು ತೊಂಬತ್ತೈದರಿಂದ ಭಾಗಿಸಿದರೆ ಶೇ. 21ರ ಸುಧಾರಣೆ, ಆದರೆ ತಳದ ಮೂವತ್ತನ್ನು ಮೊದಲೇ ಕಳೆದು ಅರುವತ್ತೈದರಿಂದ ಭಾಗಿಸಿದರೆ ಶೇ. 31. ಒಬ್ಬನೇ ರೋಗಿ, ಒಂದೇ ಗುಣ, ಲೆಕ್ಕ ಎರಡು. ಎರಡನೆಯದೇ ಸರಿಯಾದ ಕ್ರಮವಾದರೂ ಹಳೆಯ ವರದಿಗಳಲ್ಲಿ ಅನೇಕವು ಮೊದಲನೆಯದನ್ನೇ ಅನುಸರಿಸಿವೆ.

ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿನೋಡಿದ ಕೀರ್ತಿ ಮ್ಯೂನಿಕ್ಕಿನ ಷ್ಟೆಫಾನ್ ಲಾಯ್ಕ್ಟ್ ಮತ್ತು ಅವರ ಬಳಗಕ್ಕೆ ಸಲ್ಲುತ್ತದೆ. 2017ರಲ್ಲಿ ಅವರು ಪ್ರಕಟಿಸಿದ ಸಮೀಕ್ಷೆಯಲ್ಲಿ ಅರುವತ್ತು ವರ್ಷಗಳ 167 ಪರೀಕ್ಷೆಗಳು, 28,102 ರೋಗಿಗಳು ಸೇರಿದ್ದರು. ಅಲ್ಪತಮವಾದ ಗುಣ, ಅಂದರೆ ಅಂಕದಲ್ಲಿ ಕನಿಷ್ಠ ಶೇ. 20ರ ಇಳಿಕೆ, ಔಷಧ ಪಡೆದವರಲ್ಲಿ ಶೇ. 51 ಮಂದಿಗೂ ಹುಸಿಮದ್ದು ಪಡೆದವರಲ್ಲಿ ಶೇ. 30 ಮಂದಿಗೂ ಕಂಡಿತು. ಒಳ್ಳೆಯ ಗುಣ, ಅಂದರೆ ಅರ್ಧಕ್ಕರ್ಧ ಇಳಿಕೆ, ಕ್ರಮವಾಗಿ ಶೇ. 23 ಮತ್ತು ಶೇ. 14 ಮಂದಿಗೆ. ದೇವಾಲಯದಲ್ಲಿ ಕಂಡ ಶೇ. 20ರ ಸರಾಸರಿಯನ್ನು ಈಗ ಈ ತಕ್ಕಡಿಯ ಪಕ್ಕದಲ್ಲಿ ಇಟ್ಟು ನೋಡಬಹುದು: ಹುಸಿಮದ್ದು ಪಡೆದವರಲ್ಲಿಯೂ ಹತ್ತಕ್ಕೆ ಮೂವರು ಆ ಮಟ್ಟವನ್ನು ಮುಟ್ಟುತ್ತಾರೆ, ಔಷಧ ಅದಕ್ಕೆ ಇನ್ನಿಬ್ಬರನ್ನು ಸೇರಿಸುತ್ತದೆ. ನೂರು ಮಂದಿ ರೋಗಿಗಳನ್ನು ಶಿವಗಂಗೆಯ ಜಾತ್ರೆಯ ಬಯಲಿನಲ್ಲಿ ಕೂರಿಸಿ ಎಲ್ಲರಿಗೂ ಹುಸಿಮದ್ದು ಕೊಟ್ಟರೆ ಮೂವತ್ತು ಮಂದಿ ತುಸು ಚೇತರಿಸಿಕೊಳ್ಳುವರು. ಎಲ್ಲರಿಗೂ ಔಷಧ ಕೊಟ್ಟರೆ ಐವತ್ತೊಂದು ಮಂದಿ. ನಲವತ್ತೊಂಬತ್ತು ಮಂದಿಗೆ ಪರೀಕ್ಷೆಯ ಅವಧಿಯಲ್ಲಿ ಅಷ್ಟು ಮಾತ್ರದ ಗುಣವೂ ಇಲ್ಲವೆಂಬುದನ್ನು ಮುಚ್ಚಿಡಲಾಗದು. ಇದು ಪವಾಡವಲ್ಲ, ಆದರೆ ಐದು ಮಂದಿಗೆ ಔಷಧ ಕೊಟ್ಟಾಗಲೆಲ್ಲ ಅದರಿಂದಲೇ ಚೇತರಿಸಿಕೊಳ್ಳುವವನೊಬ್ಬನು ಸಿಗುವನೆಂದರೆ, ನಿತ್ಯದ ವೈದ್ಯದಲ್ಲಿ ಅದು ತಿರಸ್ಕರಿಸತಕ್ಕ ಫಲವೂ ಅಲ್ಲ.

1964ರಲ್ಲಿ ಔಷಧಕ್ಕೂ ಹುಸಿಮದ್ದಿಗೂ ನಡುವೆ ಇದ್ದ ಅಂತರ ಈಗ ಇಷ್ಟು ಕುಗ್ಗಿದ್ದೇಕೆ? ಔಷಧಗಳು ಶಕ್ತಿಗುಂದಿದವೆ? ಅದೇ ಸಮೀಕ್ಷೆಯ ಪ್ರಕಾರ ಔಷಧದಿಂದಾಗುವ ಗುಣ ದಶಕಗಳುದ್ದಕ್ಕೂ ಸುಮಾರಾಗಿ ಒಂದೇ ಸಮನಾಗಿದೆ. ಏರಿರುವುದು ಹುಸಿಮದ್ದಿನಿಂದಾಗುವ ಗುಣ. ಅಂದಿನ ರೋಗಿಗಳಲ್ಲಿ ಅನೇಕರು ಎಂದೂ ಔಷಧ ಕಾಣದವರು, ಹೊಸದಾಗಿ ಆಸ್ಪತ್ರೆಗೆ ಬಂದವರು. ಇಂದಿನ ಪರೀಕ್ಷೆಗಳಿಗೆ ಬರುವವರು ಹಳೆಯ ರೋಗಿಗಳು, ಸಾಲದುದಕ್ಕೆ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕುವಷ್ಟು ಸ್ವಸ್ಥರು. ತಲೆಯೆಣಿಕೆಯ ಮೇಲೆ ಹಣ ಪಡೆಯುವ ಕೇಂದ್ರಗಳಲ್ಲಿ ಪ್ರವೇಶದ ದಿನದ ಅಂಕವನ್ನು ಸ್ವಲ್ಪ ಮೇಲಕ್ಕೆ ಜಗ್ಗುವ ಪ್ರಲೋಭನವೂ ಇರುತ್ತದೆ. ಹಾಗೆ ಜಗ್ಗಿದ ಅಂಕ ಮುಂದಿನ ವಾರ ತಾನಾಗಿ ಇಳಿದು ಹುಸಿಮದ್ದಿಗೆ ಪುಣ್ಯ ಕಟ್ಟುತ್ತದೆ. ಎಲ್ಲ ಔಷಧಗಳನ್ನೂ ಒಂದೇ ಕಣ್ಣಿನಿಂದ ನೋಡುವುದೂ ಸಲ್ಲದು: ಬೇರೆ ಯಾವುದಕ್ಕೂ ಬಗ್ಗದ 268 ರೋಗಿಗಳಲ್ಲಿ ಜಾನ್ ಕೇನ್ ಮತ್ತು ಸಂಗಡಿಗರು 1988ರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಕ್ಲೋಜಪೀನ್ ಪಡೆದವರ ಪೈಕಿ ಶೇ. 30 ಮಂದಿ, ಕ್ಲೋರ್‌ಪ್ರೊಮಜೀನ್ ಪಡೆದವರ ಪೈಕಿ ಶೇ. 4 ಮಂದಿ ಮಾತ್ರ ಸುಧಾರಿಸಿದ್ದರು. ಆ ಕ್ಲೋಜಪೀನ್ ರಕ್ತದ ಬಿಳಿಕಣಗಳನ್ನು ಅಪಾಯಕರವಾಗಿ ಇಳಿಸಬಲ್ಲುದಾದ್ದರಿಂದ ಅದನ್ನು ಸೇವಿಸುವವರು ಪದೇಪದೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಔಷಧವುಂಟೆಂದು ತಿಳಿದ ಮೇಲೆಯೂ ಉಲ್ಬಣಾವಸ್ಥೆಯಲ್ಲಿರುವವನಿಗೆ ಹುಸಿಮದ್ದು ಕೊಡುವುದು ನ್ಯಾಯವೆ ಎಂಬ ಪ್ರಶ್ನೆ ಭಾರತದಲ್ಲಿಯೇ ಒಮ್ಮೆ ತೀಕ್ಷ್ಣವಾಗಿ ಎದ್ದಿತ್ತು. ಮೇನಿಯವೆಂಬ ಉದ್ರಿಕ್ತಾವಸ್ಥೆಯಲ್ಲಿದ್ದ 290 ರೋಗಿಗಳ ಮೇಲೆ ನಮ್ಮ ದೇಶದಲ್ಲಿ ರಿಸ್ಪೆರಿಡೋನ್ ಮತ್ತು ಹುಸಿಮದ್ದುಗಳನ್ನು ಹೋಲಿಸಿದ ವರದಿ 2005ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಪ್ರಕಟವಾದಾಗ, ಇಷ್ಟು ತೀವ್ರವಾದ ರೋಗಿಗಳಿಗೆ ಹುಸಿಮದ್ದು ಕೊಟ್ಟದ್ದು ಹೇಗೆ, ಅವರ ಒಪ್ಪಿಗೆ ಎಂಥದು, ಇದೇ ಕೆಲಸವನ್ನು ಧನಿಕ ದೇಶಗಳಲ್ಲಿ ಮಾಡಬಹುದಿತ್ತೆ ಎಂದು ಪತ್ರಗಳ ಮಳೆ ಸುರಿಯಿತು. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಎರಡು ಪಕ್ಷಗಳೂ ಅರ್ಧ ಸರಿ: ಹುಸಿಮದ್ದಿನ ತಕ್ಕಡಿಯಿಲ್ಲದಿದ್ದರೆ ಇನ್ನೊಂದು ಇನ್ಸುಲಿನ್ ಮೂರ್ಛೆ ಹುಟ್ಟಬಹುದು, ಆದರೆ ಪರೀಕ್ಷೆಯ ಮಾತ್ರೆಯನ್ನು ಬಿಟ್ಟರೆ ಬೇರೆ ಚಿಕಿತ್ಸೆಯೇ ಕೈಗೆಟುಕದ ಬಡವನ ಒಪ್ಪಿಗೆಯನ್ನು ಒಪ್ಪಿಗೆಯೆನ್ನುವುದು ಕಷ್ಟ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಇಂಥ ಸಂಶೋಧನೆಗೆ ಸ್ವತಂತ್ರವಾದ, ತಿಳಿವಳಿಕೆಯಿಂದ ಕೂಡಿದ ಒಪ್ಪಿಗೆ ಅಗತ್ಯವೆಂದು ವಿಧಿಸಿದೆ.

ಕರ್ನಾಟಕದ ಹಳ್ಳಿಗಳಲ್ಲಿ ನಡೆದ ಹೋಲಿಕೆ ಬೇರೆ ಬಗೆಯದು. ಇಲ್ಲಿ ಯಾರೂ ಹುಸಿಮದ್ದು ಹಂಚಲಿಲ್ಲ. ಚಿಕಿತ್ಸೆಯೇ ಇಲ್ಲದೆ ವರ್ಷಗಟ್ಟಲೆ ಮನೆಯ ಹಿಂಬದಿಯ ಕೋಣೆಯಲ್ಲಿಯೋ ದನದ ಕೊಟ್ಟಿಗೆಯಲ್ಲಿಯೋ ಕುಳಿತಿದ್ದವರೇ ಹೋಲಿಕೆಗೆ ಸಾಕಷ್ಟಿದ್ದರು. ನಿಮ್ಹಾನ್ಸ್ 1970ರ ದಶಕದ ನಡುಭಾಗದಲ್ಲಿ ಆನೇಕಲ್ ತಾಲೂಕಿನ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆದು, ಸಾಮಾನ್ಯ ವೈದ್ಯರೂ ಆರೋಗ್ಯ ಕಾರ್ಯಕರ್ತೆಯರೂ ಚಿತ್ತವಿಕಲತೆ ಮತ್ತು ಮೂರ್ಛೆರೋಗಗಳನ್ನು ಗುರುತಿಸಿ ಚಿಕಿತ್ಸೆ ನಡೆಸಬಲ್ಲರೇ ಎಂದು ಪರೀಕ್ಷಿಸಿತು; ನೆಲಮಂಗಲದಾಚೆ ಕುಣಿಗಲ್ ರಸ್ತೆಯ ಸೋಲೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಇದೇ ಪ್ರಯೋಗ ನಡೆಯಿತು. ಈ ಅನುಭವ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿತು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಜಾರಿಗೆ ಬಂದಿತು. ಕಾಯಿಲೆಯನ್ನು ಹುಚ್ಚೆಂದು ಹೀಯಾಳಿಸದೆ ಕನ್ನಡದಲ್ಲಿ ವಿವರಿಸುವ ಕೆಲಸವನ್ನು, ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಡಾ. ಎಂ. ಶಿವರಾಂ ಮತ್ತು ಅವರ ತರುವಾಯ ಡಾ. ಸಿ. ಆರ್. ಚಂದ್ರಶೇಖರ್ ಮಾಡಿದರು, ಆ ಪುಸ್ತಕಗಳು ಮಾತ್ರೆಯ ಫಲಕ್ಕೆ ಸೇರಿಸಿದ್ದೆಷ್ಟೆಂದು ಯಾವ ಅಂಕಪಟ್ಟಿಯೂ ಹೇಳದು.

ಆರ್. ಶ್ರೀನಿವಾಸಮೂರ್ತಿ ಮತ್ತು ಸಹೋದ್ಯೋಗಿಗಳು ಕರ್ನಾಟಕದ ಗ್ರಾಮಾಂತರದಲ್ಲಿ ಚಿಕಿತ್ಸೆ ಕಾಣದ 100 ಮಂದಿ ಛಿದ್ರಮನಸ್ಕರನ್ನು ಹುಡುಕಿ, ಔಷಧವನ್ನೂ ಮನೆಯವರಿಗೆ ತಿಳಿವಳಿಕೆಯನ್ನೂ ಕೊಟ್ಟು, ಮೂರು ಮೂರು ತಿಂಗಳಿಗೊಮ್ಮೆ ಒಂದೂವರೆ ವರ್ಷ ನೋಡುತ್ತ ಬಂದರು. ಲಕ್ಷಣ, ಅಸಾಮರ್ಥ್ಯ, ಮನೆಯವರ ಮೇಲಿನ ಹೊರೆ ಮೂರೂ ಇಳಿದವು. ಔಷಧಕ್ಕೆ ತಗುಲಿದ ವೆಚ್ಚವನ್ನು ಮನೆಯವರ ಕೂಲಿ ಮತ್ತು ಓಡಾಟದಲ್ಲಾದ ಉಳಿತಾಯವೇ ತುಂಬಿಕೊಟ್ಟಿತೆಂದು ಅವರು 2005ರಲ್ಲಿ ವರದಿ ಮಾಡಿದರು. ಅದೇ ವರ್ಷ ತೀರ್ಥಹಳ್ಳಿ ತಾಲೂಕಿನಲ್ಲಿ ಜಗದೀಶ ತೀರ್ಥಳ್ಳಿ ಮತ್ತು ಬಿ. ಎನ್. ಗಂಗಾಧರ್ ಮೊದಲಾದವರು ಆರಂಭಿಸಿದ ಕಾರ್ಯಕ್ರಮದಲ್ಲಿ ಔಷಧ ಸೇವಿಸುತ್ತಿದ್ದವರನ್ನೂ ಸೇವಿಸದವರನ್ನೂ ಹೋಲಿಸಿದಾಗ, ಸೇವಿಸುತ್ತಿದ್ದವರ ಅಸಾಮರ್ಥ್ಯ ಕಡಿಮೆಯಿದ್ದುದು ಕಂಡಿತು. ತಕ್ಕಡಿ ಶುದ್ಧವಾದುದಲ್ಲ, ನಿಜ: ಮಾತ್ರೆ ನುಂಗುವವನ ಹಿಂದೆ ನೆನಪಿಟ್ಟು ಕೊಡುವ ತಾಯಿಯೋ ಅಣ್ಣನೋ ಇರುತ್ತಾನೆ, ಆ ಆರೈಕೆಯೂ ಫಲದಲ್ಲಿ ಬೆರೆತಿರುತ್ತದೆ. ಆದರೆ ಮ್ಯೂನಿಕ್ಕಿನ ಲೆಕ್ಕವೂ ಮಲೆನಾಡಿನ ಲೆಕ್ಕವೂ ಒಂದೇ ದಿಕ್ಕನ್ನು ತೋರುತ್ತಿರುವಾಗ ಸಂಶಯಕ್ಕೆ ಹೆಚ್ಚು ಎಡೆಯಿಲ್ಲ.

ವಾಸ್ತವವಾಗಿ ಔಷಧದ ಬಲ ಹೆಚ್ಚು ಸ್ಪಷ್ಟವಾಗಿ ಕಾಣುವುದು ಉಲ್ಬಣಾವಸ್ಥೆ ಕಳೆದ ಮೇಲೆ. ಲಾಯ್ಕ್ಟ್ ಬಳಗವು 2012ರಲ್ಲಿ 65 ಪರೀಕ್ಷೆಗಳನ್ನು ಒಟ್ಟುಗೂಡಿಸಿದಾಗ, ಚೇತರಿಸಿಕೊಂಡು ಔಷಧ ಮುಂದುವರಿಸಿದವರಲ್ಲಿ ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಶೇ. 27 ಮಂದಿಗೆ, ಹುಸಿಮದ್ದಿಗೆ ಬದಲಾದವರಲ್ಲಿ ಶೇ. 64 ಮಂದಿಗೆ. ಆದರೂ ಮಾತ್ರೆ ಬಿಡುವವರೇ ಹೆಚ್ಚು, ಅದಕ್ಕೆ ಕಾರಣವೂ ಇಲ್ಲದಿಲ್ಲ. ಹಳೆಯ ಔಷಧಗಳಿಂದ ಕೈ ನಡುಗುತ್ತದೆ, ಮೈ ಮರಗಟ್ಟುತ್ತದೆ, ಜೊಲ್ಲು ಸುರಿಯುತ್ತದೆ, ಕೂತಲ್ಲಿ ಕೂರಲಾಗದ ಚಡಪಡಿಕೆ ಹುಟ್ಟುತ್ತದೆ. ‘ನನ್ ಮಗನ್ನ ಗೊಂಬೆ ಮಾಡ್ಬುಟ್ರು’ ಎಂದು ನೋಯುವ ತಾಯಿಯದು ಅಜ್ಞಾನವಲ್ಲ. ಹೊಸ ಔಷಧಗಳಲ್ಲಿ ಈ ಬಾಧೆ ಕಡಿಮೆ, ಆದರೆ ಅವುಗಳಲ್ಲಿ ಕೆಲವು ಮೈತೂಕವನ್ನೂ ಸಕ್ಕರೆಯನ್ನೂ ಏರಿಸುತ್ತವೆ. ಹುಸಿಮದ್ದಿನ ಎದುರು ಗೆದ್ದ ಔಷಧವು ಮಾತ್ರೆಯ ಡಬ್ಬಿಯಲ್ಲಿಯೇ ಉಳಿದರೆ ಗೆಲವಿನಿಂದ ಪ್ರಯೋಜನವಿಲ್ಲವಾದ್ದರಿಂದ, ಎರಡು ಮೂರು ವಾರಕ್ಕೋ ತಿಂಗಳಿಗೋ ಒಮ್ಮೆ ಚುಚ್ಚುವ ಫ್ಲುಫೆನಜೀನ್ ಡೆಕನೋಯೇಟಿನಂಥ ಸೂಜಿಮದ್ದುಗಳು ಗ್ರಾಮಾಂತರದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿವೆ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಚಿತ್ತವಿಕಲರ ಪೈಕಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಜನ ಚಿಕಿತ್ಸೆಯಿಂದ ದೂರ ಉಳಿದಿದ್ದಾರೆ. ದೊಡ್ಡಬಳ್ಳಾಪುರದಿಂದ ನಿಮ್ಹಾನ್ಸಿಗೆ ಬಸ್ಸಿನಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. ಅದನ್ನು ತಪ್ಪಿಸಲೆಂದೇ ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೇ ಬರುವ ಏರ್ಪಾಡಾಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.